ಫ್ರೀ ಕಾಲ್‌ನ ಖರ್ಚು ಯಾರ ಖಾತೆಗೆ?

ಶುಕ್ರವಾರ ಜುಮಾ ಮುಗಿಸಿ, ಊಟ ಮಾಡಿ ಕಾಲು ಚಾಚಿದ ಮೇಲೆ ನಮ್ಮ ರೂಮುಗಳಲ್ಲಿ ನಡೆಯುವ ಕೆಲಸ ಒಂದೇ, ಊರಿಗೆ ಫೋನು. ಮಗುವಿನ ಮುಖ ನೋಡ್ಬೇಕು, ಉಮ್ಮನ ಕಾಲುನೋವು ಹೇಗಿದೆ ಕೇಳ್ಬೇಕು. ಕಾಲ್ ಸಿಗದಿದ್ದರೆ ಪಕ್ಕದ ಬೆಡ್ಡಿನವರು ಹೇಳ್ತಾರೆ: "ಒಂದು ಲಿಂಕ್ ಉಂಟು, ಅದರಲ್ಲಿ ಫ್ರೀ ಆಗಿ ಹೋಗ್ತದೆ. ಫೇಸ್‌ಬುಕ್ಕಿನ ಪಾಸ್‌ವರ್ಡ್ ಹಾಕಿದ್ರೆ ಸಾಕು." ನಾವು ಹಾಕ್ತೇವೆ. ದಾರಿಯಲ್ಲಿ ಯಾರೋ ಗುರುತಿಲ್ಲದವ ಇಕಾಮ ತೋರಿಸು ಅಂದರೆ ಕಿಸೆ ಒತ್ತಿ ಹಿಡಿಯುವ ನಾವೇ, ಯಾರದು, ಎಲ್ಲಿಯದು ಅಂತ ಗೊತ್ತಿಲ್ಲದ ಪುಟದಲ್ಲಿ ಪಾಸ್‌ವರ್ಡ್ ಬರೆದು ಕೊಡ್ತೇವೆ.

ಇದು ಇವತ್ತಿನ ಕಥೆಯಲ್ಲ. ಇಪ್ಪತ್ತು ವರ್ಷಗಳ ಹಿಂದೆ ರಿಯಾದಿನ ಬತ್ಹಾದ ಇಂಟರ್ನೆಟ್ ಅಂಗಡಿಗಳಲ್ಲಿ ಗಂಟೆಗೆ ರಿಯಾಲ್ ಲೆಕ್ಕ ಹಾಕಿ ಕೂರುತ್ತಿದ್ದ ಕಾಲದಲ್ಲಿ ಮೀಬೋ, ಇಬಡ್ಡಿ ಅಂತ ಪುಟಗಳಿದ್ದವು. ಯಾಹೂ ಪಾಸ್‌ವರ್ಡ್ ಹಾಕಿದ್ರೆ ಅಲ್ಲೇ ಚಾಟ್. ಎಲ್ಲರೂ ಹಾಕಿದ್ದೇವೆ. 2012ರಲ್ಲಿ ಮೀಬೋವನ್ನು ಗೂಗಲ್ ಕೊಂಡು ಮುಚ್ಚಿತು. 2018ರಲ್ಲಿ ಯಾಹೂ ಮೆಸೆಂಜರ್ ಕೂಡ ನಿಂತಿತು. ಇವು ಹೆಸರಿದ್ದ ಕಂಪೆನಿಗಳು. ಹೆಸರೇ ಇಲ್ಲದ ಎಷ್ಟೋ ಪುಟಗಳಲ್ಲಿ ನಾವು ಬರೆದು ಬಂದ ಪಾಸ್‌ವರ್ಡುಗಳು ಈಗ ಯಾರ ಹತ್ತಿರ ಉಂಟು?

ಕಾರಣ ಇಲ್ಲದೆ ಈ ಅಭ್ಯಾಸ ಬೆಳೆದದ್ದಲ್ಲ, ಅದನ್ನೂ ಹೇಳಬೇಕು. 2013ರ ಜೂನಿನಲ್ಲಿ ಇಲ್ಲಿ ವೈಬರ್ ಬಂದ್ ಆಯಿತು. 2017ರ ಸೆಪ್ಟೆಂಬರಿನಲ್ಲಿ, ನಿಯಮ ಪಾಲಿಸುವ ಆ್ಯಪ್‌ಗಳಿಗೆ ಇಂಟರ್ನೆಟ್ ಕಾಲ್ ಬಿಟ್ಟರು ಅಂತ ಸುದ್ದಿ ಬಂದಾಗ ಎಲ್ಲ ಕ್ಯಾಂಪುಗಳಲ್ಲೂ ಸಂತೋಷವೇ. ಆದರೆ ವಾಟ್ಸಾಪ್ ಕಾಲ್ ಅವತ್ತು ಸಿಗಲಿಲ್ಲ. ಆ ತೆರವಾದ ಜಾಗಕ್ಕೆ ನುಗ್ಗಿದವರೇ ಈ ಜಿಬಿ ವಾಟ್ಸಾಪ್, ಯೋ ವಾಟ್ಸಾಪ್, ಫ್ರೀ ವಿಪಿಎನ್, ಫ್ರೀ ಕಾಲ್ ಲಿಂಕಿನವರು. ಮಗುವಿನ ಮುಖ ನೋಡುವ ಆಸೆಯ ಮೇಲೆ ಅವರ ವ್ಯಾಪಾರ.

ಲೆಕ್ಕ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಉಂಟು. ಏನು ಕಂಡರೂ ಇದರ ಖರ್ಚು ಯಾರ ಖಾತೆಗೆ ಅಂತ ಕೇಳುವುದು. ಸರ್ವರ್‌ಗೆ ಬಾಡಿಗೆ ಉಂಟು, ಕರೆಂಟಿಗೆ ಬಿಲ್ ಉಂಟು. ನಮ್ಮಿಂದ ಒಂದು ಹಲಲ ಕೂಡ ತೆಗೆದುಕೊಳ್ಳದೆ ಒಬ್ಬ ಅದನ್ನು ನಡೆಸುತ್ತಾನಾದರೆ ಆ ಖರ್ಚು ಎಲ್ಲಿಂದ ಹುಟ್ಟುತ್ತದೆ? ಲೆಡ್ಜರಿನಲ್ಲಿ ಇಂಥ ಎಂಟ್ರಿ ಕಂಡರೆ ನಾವು ಪುಟ ಮಗುಚುವುದಿಲ್ಲ. ಫೋನಿನಲ್ಲಿ ಮಾತ್ರ ಮಗುಚುತ್ತೇವೆ.

ಉತ್ತರ ಈಗಾಗಲೇ ಸಿಕ್ಕಿದೆ. 2022ರಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಸುರಕ್ಷತಾ ಕಂಪೆನಿಯವರು ಯೋ ವಾಟ್ಸಾಪಿನ ಒಂದು ಆವೃತ್ತಿಯನ್ನು ಬಿಚ್ಚಿ ನೋಡಿದಾಗ, ಅದು ಬಳಸುವವರ ಖಾತೆಯ ಕೀಲಿಗಳನ್ನೇ ಹೊರಗೆ ಕಳಿಸುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಥ ನಕಲಿ ಆ್ಯಪ್ ಮಾಡುವ ಕಂಪೆನಿಗಳ ಮೇಲೆ ಮೆಟಾ ಅಮೆರಿಕದಲ್ಲಿ ಕೇಸು ಹಾಕಿತು. ಹತ್ತು ಲಕ್ಷಕ್ಕೂ ಹೆಚ್ಚು ಖಾತೆಗಳು ಇವರ ಕೈಸೇರಿವೆ ಎಂಬುದು ಅದರ ದೂರು. 2023ರಲ್ಲಿ ಸಿಕ್ಕಿದ್ದು ಇನ್ನೂ ಹತ್ತಿರದ್ದು. ಟೆಲಿಗ್ರಾಮಿನ ಅರಬಿ ಚಾನೆಲ್‌ಗಳಲ್ಲಿ ಹಂಚಿದ ನಕಲಿ ವಾಟ್ಸಾಪುಗಳೊಳಗೆ ಬೇಹುಗಾರಿಕೆಯ ಸಾಧನ ಸೇರಿಸಿದ್ದರು. ಅದು ನಮ್ಮ ನಂಬರು, ಕಾಂಟ್ಯಾಕ್ಟ್ ಪಟ್ಟಿ ಎಲ್ಲ ಕಳಿಸುತ್ತದೆ, ಹೇಳಿದರೆ ಮೈಕ್ ಕೂಡ ಆನ್ ಮಾಡುತ್ತದೆ. ಕ್ಯಾಸ್ಪರ್‌ಸ್ಕಿ ಲೆಕ್ಕದಂತೆ ಆ ಅಕ್ಟೋಬರ್ ಒಂದೇ ತಿಂಗಳಲ್ಲಿ 3,40,000ಕ್ಕೂ ಹೆಚ್ಚು ದಾಳಿಗಳು ನಡೆದವು. ಹೆಚ್ಚು ಪೆಟ್ಟು ತಿಂದ ಐದು ದೇಶಗಳಲ್ಲಿ ಸೌದಿ ಅರೇಬಿಯಾ ಒಂದು.

"ನಮ್ಮ ಹತ್ತಿರ ಕದಿಯಲಿಕ್ಕೆ ಎಂತ ಉಂಟು?" ಅಂತ ಕೇಳುವವರಿದ್ದಾರೆ. ನಮ್ಮ ಪರಿಚಯದ ಪ್ಲಂಬಿಂಗ್ ಕೆಲಸದ ಒಬ್ಬರೂ ಹಾಗೇ ಅನ್ನುತ್ತಿದ್ದರು. ಯಾವುದೋ ಪುಟದಲ್ಲಿ ಕಂಡ ಕ್ಯುಆರ್ ಕೋಡನ್ನು ತಮ್ಮ ವಾಟ್ಸಾಪಿನಿಂದ ಸ್ಕ್ಯಾನ್ ಮಾಡಿದ್ದರು. ಕಾಲ್ ಹೋಗಲೇ ಇಲ್ಲ, ಅವರು ಮರೆತೂ ಬಿಟ್ಟರು. ಎರಡು ದಿನ ಬಿಟ್ಟು ಊರಿನಲ್ಲಿ ಹೆಂಡತಿಗೆ ಅವರದೇ ನಂಬರಿನಿಂದ ಮೆಸೇಜ್: ಇಲ್ಲಿ ತೊಂದರೆಯಾಗಿದೆ, ಕಾಲ್ ಮಾಡ್ಬೇಡ, ಈ ನಂಬರಿಗೆ ದುಡ್ಡು ಹಾಕು. ಆಕೆ ಬಳೆ ಅಡವಿಟ್ಟು ಹಾಕಿದರು. ಗಲ್ಫಿನಿಂದ ಊರಿಗೆ ದುಡ್ಡು ಹೋಗುವುದು ನಮ್ಮ ಬದುಕಿನ ರೀತಿ, ಇಲ್ಲಿ ಊರಿನಿಂದ ಕಳ್ಳನಿಗೆ ಹೋಯಿತು. ಆ ಮನುಷ್ಯ ದುಡ್ಡಿಗಿಂತ ಹೆಚ್ಚು ನಾಚಿಕೆಯಿಂದ ಕುಗ್ಗಿ, ರೂಮಿನಲ್ಲಿ ಒಬ್ಬರಿಗೂ ಹೇಳದೆ ಒಂದು ತಿಂಗಳು ಕಳೆದರು.

ಅಷ್ಟರಲ್ಲಿ ಅವರ ಫೋನಿನಲ್ಲಿದ್ದ ಉಳಿದವರಿಗೂ ಮೆಸೇಜ್ ಹೋಗಿತ್ತು. ನಮ್ಮ ಕಾಂಟ್ಯಾಕ್ಟಿನಲ್ಲಿರುವ ನಂಬರುಗಳು, ಮನೆಯ ಹೆಂಗಸರ ಫೋಟೊಗಳು ನಮ್ಮ ಸ್ವತ್ತಲ್ಲ, ಅಮಾನತ್. ಪಾಸ್‌ವರ್ಡ್ ಕೊಡುವಾಗ ಅದನ್ನೂ ಎತ್ತಿ ಕೊಡುತ್ತೇವೆ. ಅವರ ಒಪ್ಪಿಗೆ ಕೇಳಿದ್ದೇವಾ?

ದುಡ್ಡು ಹೋದರೆ ದುಡಿಯಬಹುದು. ಇಲ್ಲಿನ ಸೈಬರ್ ಅಪರಾಧ ಕಾನೂನು 2007ರದ್ದು. ಸಾರ್ವಜನಿಕ ಶಾಂತಿಗೆ, ಧಾರ್ಮಿಕ ಮೌಲ್ಯಗಳಿಗೆ ಧಕ್ಕೆ ತರುವ ಬರಹಕ್ಕೆ ಐದು ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ. ನಮ್ಮ ಖಾತೆ ಸಿಮ್ಮಿಗೆ ಕಟ್ಟಿದೆ, ಸಿಮ್ ಇಕಾಮಕ್ಕೆ ಕಟ್ಟಿದೆ. ಬರೆದವ ಯಾವ ದೇಶದಲ್ಲಿ ಕೂತಿದ್ದರೂ ಮೊದಲು ಬಾಗಿಲು ತಟ್ಟುವುದು ನಮ್ಮದನ್ನೇ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಉಡುಪಿ ಜಿಲ್ಲೆಯವರೊಬ್ಬರನ್ನು 2019ರ ಡಿಸೆಂಬರಿನಲ್ಲಿ ಇಲ್ಲಿ ಬಂಧಿಸಿದರು. ಊರಿನಲ್ಲಿ ಕೂತು ಬೇರೆಯವರು ಅವರ ಹೆಸರಲ್ಲಿ ನಕಲಿ ಫೇಸ್‌ಬುಕ್ ಖಾತೆ ಮಾಡಿದ್ದರು ಅಂತ ನಮ್ಮ ಪೊಲೀಸರು ಪತ್ತೆ ಮಾಡಿದರೂ ಅವರು ಊರು ಮುಟ್ಟಿದ್ದು 2021ರ ಆಗಸ್ಟಿನಲ್ಲಿ. ಮಂಗಳೂರಿನ ಇನ್ನೊಬ್ಬರ ಕೇಸಿನಲ್ಲಿ, ತನಿಖೆಗೆ ಸಹಕರಿಸದಿದ್ದರೆ ದೇಶದಲ್ಲೇ ಫೇಸ್‌ಬುಕ್ ನಿಲ್ಲಿಸಬೇಕಾದೀತು ಅಂತ 2023ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟ್ ಎಚ್ಚರಿಸಿತು. ಅವರಿಬ್ಬರ ಮನೆಯವರು ಹೇಳಿದ್ದು, ಆ ಖಾತೆ ನಮ್ಮದಲ್ಲ ಅಂತ. ಪಾಸ್‌ವರ್ಡ್ ಕೊಟ್ಟವನಿಗೆ ಹಾಗೆ ಹೇಳಲಿಕ್ಕೂ ಬರುವುದಿಲ್ಲ. ಖಾತೆ ಅಸಲಿ, ಫೋಟೊ ಅಸಲಿ, ನಂಬರೂ ಅಸಲಿ.

ಈಗ ಬೈಗುಳ ಯಾರಿಗೆ? ಕಟ್ಟಡದ ಮೇಲೆ ಬಿಸಿಲಲ್ಲಿ ನಿಲ್ಲುವ ಕಾಕನಿಗಲ್ಲ. ಅವರ ಫೋನಿಗೆ ಈ ಆ್ಯಪ್ ಹಾಕಿಕೊಟ್ಟವರು ಯಾರು? ನಾವೇ, ಡಿಗ್ರಿ ಮಾಡಿ ಎಸಿ ರೂಮಿನಲ್ಲಿ ಕೂತವರು. "ಕೊಡಿ ಕಾಕ, ಎರಡು ನಿಮಿಷ" ಅಂತ ಫೋನ್ ಇಸ್ಕೊಂಡು, ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಯೆಸ್ ಒತ್ತಿ, ಪಾಸ್‌ವರ್ಡೂ ನಾವೇ ಟೈಪ್ ಮಾಡಿ ಕೊಟ್ಟೆವು. ಉಪಕಾರ ಮಾಡಿದ ಖುಷಿ ಬೇರೆ. ಕಂಪೆನಿಯ ಚೆಕ್ ಬುಕ್ಕಿನಲ್ಲಿ ಹೀಗೆ ಮಾಡಿದ್ದರೆ ಅವತ್ತೇ ಎಕ್ಸಿಟ್ ಹೊಡೆದು ಕಳಿಸುತ್ತಿದ್ದರು.

ಹಾಗಾಗಿ ನಮ್ಮ ಘಟಕಗಳ ಮುಂದಿನ ಮೀಟಿಂಗಿನಲ್ಲಿ ಭಾಷಣದ ಸಮಯದಿಂದ ಅರ್ಧ ಗಂಟೆ ಕತ್ತರಿಸಬೇಕು. ಓದಿದ ನಾಲ್ಕು ಮಂದಿ ಮೇಜು ಹಾಕಿ ಕೂರಬೇಕು, ಬಂದವರ ಫೋನು ಅವರ ಎದುರಲ್ಲೇ ತೆರೆದು ನೋಡಬೇಕು. ನಕಲಿ ವಾಟ್ಸಾಪ್ ಇದ್ದರೆ ತೆಗೆದು ಅಸಲಿ ಹಾಕಬೇಕು. 'ಲಿಂಕ್ಡ್ ಡಿವೈಸಸ್' ಒತ್ತಿ, ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಅಲ್ಲೇ ಲಾಗೌಟ್. ಎರಡು ಹಂತದ ಪರಿಶೀಲನೆಯ ಆರಂಕಿ ಪಿನ್ ಅವರೇ ಒತ್ತಲಿ, ನಾವು ಆ ಕಡೆ ಮುಖ ತಿರುಗಿಸೋಣ. ಅಬ್ಶಿರ್ ಓಟಿಪಿ, ನಫಾತ್‌ನಲ್ಲಿ ಬರುವ ನಂಬರು ಯಾವ ಚಾಟಿಗೂ ಬೇಕಾಗುವುದಿಲ್ಲ, ಕೇಳಿದವ ಕಳ್ಳ ಅಂತ ಹೇಳಿಕೊಡಬೇಕು. ಊರಿಗೆ ಮಾತಾಡಲಿಕ್ಕೆ ಇಲ್ಲಿ ಬಿಟ್ಟಿರುವ ಆ್ಯಪ್ ಯಾವುದು ಅಂತ ತೋರಿಸಿ, ಅದರಲ್ಲಿ ಒಂದು ಕಾಲ್ ಮಾಡಿಸಿಯೇ ಎಬ್ಬಿಸಬೇಕು. ಬರೀ ಬೇಡ ಅಂದರೆ ಮುಂದಿನ ಶುಕ್ರವಾರ ಮತ್ತೆ ಅದೇ ಲಿಂಕು.

ಆ ಕಾಲ್‌ನಲ್ಲೇ ಮನೆಯವರಿಗೆ ಎರಡು ಮಾತು: ದುಡ್ಡು ಕೇಳಿ ಮೆಸೇಜ್ ಬಂದರೆ ನಮ್ಮ ಸ್ವರ ಕೇಳದೆ ಒಂದು ಪೈಸೆ ಹಾಕಬೇಡಿ. ಹಾಕಿ ಆಗಿದ್ದರೆ ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ.