ದಿನ ಗೊತ್ತಿಲ್ಲದ ಬಸುರಿ

2022ರ ಸೆಪ್ಟೆಂಬರ್ 13, ಮಂಗಳವಾರ. ದಸರಾ ಆರಂಭಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಆ ರಾತ್ರಿ ಮೈಸೂರು ಅರಮನೆಯ ಆವರಣದಲ್ಲಿ ಬೀಡು ಬಿಟ್ಟಿದ್ದ ಲಕ್ಷ್ಮಿ ಎಂಬ ಹೆಣ್ಣಾನೆ ಗಂಡು ಮರಿಯೊಂದನ್ನು ಈದಿತು. ಬಂಡೀಪುರದ ರಾಂಪುರ ಶಿಬಿರದ ಈ ಆನೆ, ಆಗಸ್ಟ್ ತಿಂಗಳಲ್ಲಿ ಮೊದಲ ತಂಡದಲ್ಲಿ ಬಂದ ಒಂಬತ್ತು ಆನೆಗಳಲ್ಲಿ ಒಂದು. ಬಂದ ಆನೆಗಳನ್ನೆಲ್ಲ ತೂಕ ಹಾಕಿದ್ದರು, ಮಜ್ಜನ ಮಾಡಿಸಿದ್ದರು, ಪೂಜೆ ಮಾಡಿ ಅರಮನೆಯೊಳಗೆ ಕರೆದುಕೊಂಡಿದ್ದರು. ಆದರೆ ಲಕ್ಷ್ಮಿ ತುಂಬು ಗರ್ಭಿಣಿ ಎಂಬ ಸಂಗತಿ ಅದನ್ನು ಕರೆತಂದಾಗ ಯಾರಿಗೂ ಗೊತ್ತಿರಲಿಲ್ಲ. ಅರಮನೆಯಲ್ಲಿ ಹುಟ್ಟಿದ ಆ ಮರಿಗೆ ಮುಂದೆ ‘ಶ್ರೀ ದತ್ತಾತ್ರೇಯ’ ಎಂಬ ಹೆಸರಾಯಿತು.

ಮಾರನೆಯ ದಿನ ಊರೆಲ್ಲ ಇದೇ ಮಾತು. “ಇರುವೆ ಬಸುರಾದರೆ ತಿಳಿಯದೆ ಇರಬಹುದು, ಆನೆ ಬಸುರಾದರೂ ತಿಳಿಯುವುದಿಲ್ಲವೇ?” ಎಂದು ನಕ್ಕವರೂ ಇದ್ದರು. ನಗುವ ಮುಂಚೆ ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಆನೆಯ ಗರ್ಭಧಾರಣೆ ಸುಮಾರು ಇಪ್ಪತ್ತೆರಡು ತಿಂಗಳು. ಹುಟ್ಟುವ ಮರಿ ನೂರು ಕಿಲೋ ಆಸುಪಾಸು. ತಾಯಿ ಮೂರು ಸಾವಿರ ಕಿಲೋ ಇದ್ದರೆ ಮರಿ ಅದರ ಮೂವತ್ತನೆಯ ಒಂದು ಭಾಗ ಮಾತ್ರ. ಐವತ್ತೈದು ಕಿಲೋ ತೂಗುವ ತಾಯಿಯ ಹೊಟ್ಟೆಯಲ್ಲಿ ಮೂರು ಕಿಲೋದ ಮಗು ಎಂದರೆ ಹದಿನೆಂಟನೆಯ ಒಂದು ಭಾಗ. ಅಂದರೆ ಆನೆಯ ಹೊಟ್ಟೆ ನಮ್ಮ ಕಣ್ಣಿಗೆ ಸುಳಿವು ಕೊಡುವುದು ಬಹಳ ಕಡಿಮೆ.

ಇದನ್ನು ಈಗ ನೆನೆಯಲು ಕಾರಣ ಒಂದು ಕುದುರೆ. ನಮ್ಮ ಬಡಾವಣೆಯ ಹಿಂದಿನ ಬೀದಿಯಲ್ಲಿ ಟಾಂಗಾ ಓಡಿಸುವವರೊಬ್ಬರಿದ್ದಾರೆ. ಹಳೆಯ ಕುದುರೆಗೆ ಕಾಲು ಸೋತಿತೆಂದು 2023ರ ಆಷಾಢದಲ್ಲಿ ಸಾಲ ಮಾಡಿ ಒಂದು ಹೆಣ್ಣು ಕುದುರೆ ಕೊಂಡುತಂದರು. ಕಂದು ಬಣ್ಣ, ಸಾಧು ಸ್ವಭಾವ, ಹಾಕಿದ್ದನ್ನೆಲ್ಲ ತಿನ್ನುವ ಗುಣ. ಎರಡು ತಿಂಗಳಲ್ಲಿ ಹೊಟ್ಟೆ ದುಂಡಗಾಯಿತು. “ನಮ್ಮ ಹುರುಳಿ ಮೈಗೆ ಹತ್ತಿತು” ಎಂದು ಮನೆಯವರಿಗೆ ಸಂತೋಷ. ಒಂದು ಸಂಜೆ ಅವರ ಮಗ, ಪಿಯುಸಿ ಓದುವ ಹುಡುಗ, ಮೈ ಉಜ್ಜುತ್ತಿದ್ದವನು ಕೈ ನಿಲ್ಲಿಸಿ, “ಅಪ್ಪಾ, ಇದರ ಹೊಟ್ಟೆಯೊಳಗೆ ಏನೋ ಒದೀತಾ ಇದೆ” ಎಂದ. ಅಪ್ಪ ನಂಬಲಿಲ್ಲ. ನೀರು ಕುಡಿಸಿ, ಪಕ್ಕೆಯ ಮೇಲೆ ತಾವೂ ಅಂಗೈಯಿಟ್ಟು ನಿಂತರು. ಒಳಗಿನಿಂದ ಇನ್ನೊಂದು ಸಲ ಒದೆತ ಬಂತು.

ಪಶುವೈದ್ಯರು ಬಂದು ಕೈಹಾಕಿ ನೋಡಿ, “ಗಬ್ಬ ಹೌದು. ಎಂಟು ತಿಂಗಳು ದಾಟಿರಬಹುದು. ದಿನ ಮಾತ್ರ ನಾನು ಹೇಳಲಾರೆ” ಎಂದರು. ಕುದುರೆ ಗರ್ಭ ಹೊರುವುದು ಸುಮಾರು ಹನ್ನೊಂದು ತಿಂಗಳು, ಸರಾಸರಿ 340 ದಿನ. ಆದರೆ 320 ದಿನಕ್ಕೂ ಈಯಬಹುದು, 365 ದಿನಕ್ಕೂ ಈಯಬಹುದು. ಕುಣಿಗಲ್ಲಿನ ಕುದುರೆ ಫಾರಂನಂಥ ಕಡೆ ಹೆಣ್ಣು ಕುದುರೆಯನ್ನು ಗಂಡಿಗೆ ಬಿಟ್ಟ ತಾರೀಖನ್ನು ಬರೆದಿಟ್ಟಿರುತ್ತಾರೆ. ಕೈಯಿಂದ ಕೈಗೆ ಮಾರಾಟವಾಗುವ ಟಾಂಗಾ ಕುದುರೆಗೆ ಆ ಕಾಗದ ಎಲ್ಲಿಂದ ಬರಬೇಕು?

ಮಾರಿದವರು ಮೋಸ ಮಾಡಿದರೆಂದು ಬೀದಿಯವರೆಲ್ಲ ಹೇಳಿದರು. ಇರಲಾರದು ಎಂದು ನನ್ನ ಅನಿಸಿಕೆ. ಗಬ್ಬದ ಕುದುರೆ ಎಂದು ಗೊತ್ತಿದ್ದರೆ ಅದನ್ನೇ ಹೇಳಿ ಬೆಲೆ ಏರಿಸುತ್ತಿದ್ದರು. ಕುದುರೆಯಲ್ಲೊಂದು ವಿಶೇಷವಿದೆ. ಈದ ಏಳರಿಂದ ಹನ್ನೆರಡು ದಿನದೊಳಗೇ ಅದು ಮತ್ತೆ ಬೆದೆಗೆ ಬರುತ್ತದೆ. ಕಾಲ ಬಳಿ ಪುಟ್ಟ ಮರಿ ಓಡಾಡುತ್ತಿರುವಾಗಲೇ ಇನ್ನೊಂದು ಮರಿ ಗರ್ಭದಲ್ಲಿ ನೆಲೆ ನಿಂತಿರಬಹುದು. ಗಂಡು ಹೆಣ್ಣು ಒಟ್ಟಿಗೆ ಮೇಯುವ ಬಯಲಿನಲ್ಲಿ ಅದನ್ನು ಕಂಡವರು ಯಾರು? ಇನ್ನು ಹೊಟ್ಟೆಯ ಮಾತು. ಕುದುರೆಮರಿ ಹುಟ್ಟುವಾಗ ತಾಯಿಯ ತೂಕದ ಹತ್ತನೆಯ ಒಂದು ಭಾಗದಷ್ಟಿರುತ್ತದೆ. ಆದರೆ ಆ ಬೆಳವಣಿಗೆಯ ಬಹುಪಾಲು ಆಗುವುದು ಕೊನೆಯ ಮೂರು ತಿಂಗಳಲ್ಲಿ. ಅಲ್ಲಿಯವರೆಗೆ ಹುಲ್ಲು ತುಂಬಿದ ಹೊಟ್ಟೆಗೂ ಮರಿಯಿರುವ ಹೊಟ್ಟೆಗೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ.

ತಿಳಿಯುವ ಉಪಾಯಗಳಿಲ್ಲವೆಂದಲ್ಲ. ಅಲ್ಟ್ರಾಸೌಂಡ್ ಯಂತ್ರವಿದ್ದರೆ ಎರಡು ವಾರದ ಗರ್ಭವನ್ನೇ ತೋರಿಸುತ್ತದೆ. ಸುಮಾರು ನಲವತ್ತು ದಿನದಿಂದ ನೂರಿಪ್ಪತ್ತು ದಿನದವರೆಗೆ ಹೆಣ್ಣು ಕುದುರೆಯ ರಕ್ತದಲ್ಲಿ ಒಂದು ವಿಶೇಷ ಹಾರ್ಮೋನು ಇರುತ್ತದೆ. ಕೋಲ್ ಮತ್ತು ಹಾರ್ಟ್ ಎಂಬ ವಿಜ್ಞಾನಿಗಳು 1930ರಲ್ಲಿ ಇದನ್ನು ಪ್ರಕಟಿಸಿದರು. ಹಸುಗಳಿಗಾದರೆ ನಮ್ಮ ಪುಣ್ಯಕೋಟಿಯ ಹೆಸರಿನದೇ ಒಂದು ಪರೀಕ್ಷೆಯಿದೆ. ವೀಣಾ ಮತ್ತು ನರೇಂದ್ರನಾಥ್ ಅವರು 1993ರಲ್ಲಿ ಪ್ರಕಟಿಸಿದ್ದು. ಹಸುವಿನ ಗಂಜಲಕ್ಕೆ ಬೇಕಾದಷ್ಟು ನೀರು ಬೆರೆಸಿ ಅದರಲ್ಲಿ ಗೋಧಿ ಕಾಳು ನೆನೆಹಾಕುವುದು, ಪಕ್ಕದಲ್ಲಿ ಬರಿಯ ನೀರಿನಲ್ಲೂ ಅಷ್ಟೇ ಕಾಳು ಇಡುವುದು. ಹಸು ಗಬ್ಬವಾಗಿದ್ದರೆ ಗಂಜಲದ ಕಾಳು ಸರಿಯಾಗಿ ಮೊಳೆಯುವುದಿಲ್ಲ. ಪ್ರಾಚೀನ ಈಜಿಪ್ಟಿನವರು ಹೆಂಗಸರ ಗರ್ಭ ತಿಳಿಯಲು ಮಾಡುತ್ತಿದ್ದ ಕಾಳಿನ ಪರೀಕ್ಷೆಯೇ ಇದಕ್ಕೆ ಮೂಲ. ನಮ್ಮ ಹುಡುಗ ಎಲ್ಲೋ ಇದನ್ನು ಓದಿ ಕುದುರೆಯ ಮೇಲೂ ಪ್ರಯೋಗಿಸಲು ಹೊರಟಿದ್ದ. “ಮಾಡಪ್ಪ, ಬೇಡವೆನ್ನುವುದಿಲ್ಲ. ಆದರೆ ಅದು ಹಸುವಿನದು. ನಿನ್ನ ಕಾಳು ಹೇಳಿತೆಂದು ನನ್ನನ್ನು ಕರೆಯದೆ ಇರಬೇಡ” ಎಂದರಂತೆ ವೈದ್ಯರು. ಮನೆಯಲ್ಲಿ ಹಸುವಿರುವ ವಿದ್ಯಾರ್ಥಿಗಳು ಮಾಡಿ ನೋಡಬಹುದು. ವೈದ್ಯರ ಮಾತನ್ನೂ ನೆನಪಿನಲ್ಲಿಡಬೇಕು.

ಆದರೆ ಆ ಮನೆಯ ಚಿಂತೆ ವಿಜ್ಞಾನದ್ದಲ್ಲ, ಅನ್ನದ್ದು. ಕೊನೆಯ ಮೂರು ತಿಂಗಳು ಭಾರ ಎಳೆಸಬಾರದು, ದಿನಕ್ಕೊಂದಿಷ್ಟು ನಡೆದಾಡಿಸಿದರೆ ಸಾಕು ಎಂದಿದ್ದರು ವೈದ್ಯರು. ಆ ವರ್ಷ ಅಧಿಕಮಾಸ ಬಂದು ದಸರಾ ತಡವಾಗಿತ್ತು. ಅಕ್ಟೋಬರ್ 15ಕ್ಕೆ ಆರಂಭ, 24ಕ್ಕೆ ಜಂಬೂ ಸವಾರಿ. ಟಾಂಗಾದವರಿಗೆ ವರ್ಷದಲ್ಲಿ ನಾಲ್ಕು ಕಾಸು ಕಾಣುವ ದಿನಗಳೇ ಅವು. “ಸಾಲ ಕುದುರೆಯ ಮೇಲೆ, ಕುದುರೆ ಲಾಯದಲ್ಲಿ. ನಾನೇನು ಮಾಡಲಿ ಸಾರ್?” ಎಂದು ಅವರು ನನ್ನೆದುರು ಕೂತಾಗ ನನಗೆ ಉತ್ತರ ಹೊಳೆಯಲಿಲ್ಲ. ಮಾರಿಬಿಡುವ ಯೋಚನೆಯೂ ಬಂದಿತ್ತು. ಕೊಳ್ಳಲು ಒಬ್ಬರು ಸಿದ್ಧರೂ ಇದ್ದರು. ಅವರು ದಸರೆಗೆ ಅದನ್ನು ಗಾಡಿಗೆ ಕಟ್ಟುವುದು ಖಂಡಿತವಾಗಿತ್ತು. ಮನೆಯಾಕೆ ಒಂದೇ ಮಾತು ಹೇಳಿದರಂತೆ: “ಬಸುರೀನ ಮಾರಿಕೊಂಡ ಮನೆ ಅನ್ನಿಸಿಕೊಳ್ಳೋದು ಬೇಡ.” ಕೊನೆಗೆ ನೆಂಟರ ಕುದುರೆಯೊಂದನ್ನು ದುಡಿಮೆಯಲ್ಲಿ ಅರ್ಧ ಕೊಡುವ ಮಾತಿನ ಮೇಲೆ ತಂದರು. ಆ ದಸರೆಯ ಗಳಿಕೆ ಅರ್ಧಕ್ಕಿಳಿಯಿತು. ಸಾಲದ ಕಂತು ಮುಂದಕ್ಕೆ ಹೋಯಿತು.

ಇತ್ತ ಹುಡುಗ ಎರಡು ರೂಲಿನ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನಚರಿ ಬರೆಯತೊಡಗಿದ. ಧನುರ್ವಾಯು ಚುಚ್ಚುಮದ್ದು ಹಾಕಿಸಿದ ದಿನ, ತಿಂದ ಮೇವು, ಕೆಚ್ಚಲಿನ ಸ್ಥಿತಿ. ಈಯುವುದಕ್ಕೆ ಕೆಲವು ವಾರ ಮೊದಲು ಕೆಚ್ಚಲು ತುಂಬತೊಡಗುತ್ತದೆ. ಬಾಲದ ಬುಡದ ಇಕ್ಕೆಲದ ಮಾಂಸಖಂಡ ಸಡಿಲವಾಗುತ್ತದೆ. ಕೊನೆಯ ಒಂದೆರಡು ದಿನದಲ್ಲಿ ಮೊಲೆತೊಟ್ಟಿನ ತುದಿಯಲ್ಲಿ ಮೇಣದ ಹನಿಯಂತೆ ಅಂಟು ಕಟ್ಟುತ್ತದೆ. ಎಲ್ಲ ಕುದುರೆಗಳೂ ಎಲ್ಲ ಲಕ್ಷಣಗಳನ್ನೂ ತೋರಿಸಬೇಕೆಂದಿಲ್ಲ. ತಂದೆ ಮಗ ಇಬ್ಬರೂ ಸರದಿಯ ಮೇಲೆ ಲಾಯದ ಬಾಗಿಲಲ್ಲಿ ಚಾಪೆ ಹಾಸಿ ಮಲಗಿದರು. ಕುದುರೆಗಳು ಹೆಚ್ಚಾಗಿ ಈಯುವುದು ರಾತ್ರಿಯಲ್ಲೇ, ಸುತ್ತಲೂ ಸದ್ದಡಗಿದ ಮೇಲೆ. ಹತ್ತು ರಾತ್ರಿ ಕಾದರು, ಏನೂ ಆಗಲಿಲ್ಲ. ಹುಡುಗನಿಗೆ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದು ತಾಯಿ ಗದರಿದ್ದೂ ಉಂಟು. ಆಮೇಲೆ ಅವನು ಲಾಯದಲ್ಲೇ ದೀಪ ಹಾಕಿಕೊಂಡು ಓದಿದ.

ದೀಪಾವಳಿಯ ಪಟಾಕಿಯ ಗದ್ದಲವೆಲ್ಲ ಮುಗಿದ ಮೇಲೊಂದು ರಾತ್ರಿ ಕುದುರೆ ಬೆವೆತಿತು, ಮಲಗಿತು, ಎದ್ದಿತು, ಮತ್ತೆ ಮಲಗಿತು. ಹುಡುಗನ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ಅದರಲ್ಲಿ ಹೀಗಿದೆ: 12.45 ನೀರು ಒಡೆಯಿತು. 1.10 ಮರಿ. 1.55 ನಿಂತಿತು. 2.30 ಹಾಲು ಕುಡಿಯಿತು. 3.20 ಸತ್ತೆ ಬಿತ್ತು. ನಡುವೆ ಒಂದು ಸಾಲು ಹೊಡೆದುಹಾಕಿದೆ. ಏನೆಂದು ಕೇಳಿದೆ. “ಮರಿ ನಾಲ್ಕು ಸಲ ಬಿತ್ತು ಸಾರ್, ಏಳೋದಿಲ್ಲ ಅಂದುಕೊಂಡು ಬರೆದುಬಿಟ್ಟಿದ್ದೆ” ಎಂದು ನಾಚಿಕೊಂಡ.

ಈ ಅಂಕಿಗಳು ಸುಮ್ಮನೆ ಬರೆದವಲ್ಲ. ಕುದುರೆಗೆ ಹೆರಿಗೆ ಎಂದರೆ ಬಹಳ ಅವಸರದ ಕೆಲಸ. ನೀರು ಒಡೆದ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ಮುಂಗಾಲೆರಡು ಮೊದಲು, ಒಂದು ತುಸು ಮುಂದೆ, ಅವುಗಳ ಮೇಲೆ ಮೂತಿ. ಬಿಳಿಯ ಪೊರೆಯ ಬದಲು ಕೆಂಪು ಚೀಲ ಮೊದಲು ಕಂಡರೆ ಮರಿಗೆ ಉಸಿರಿನ ಅಪಾಯ, ಆಗ ಒಂದು ನಿಮಿಷವೂ ತಡಮಾಡುವಂತಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ಸತ್ತೆ ಬೀಳಬೇಕು. ತಪ್ಪಿದರೆ ವೈದ್ಯರನ್ನು ಕರೆಯಬೇಕು. ವೈದ್ಯರು ಕಲಿಸಿದ ಈ ‘ಒಂದು, ಎರಡು, ಮೂರು’ ಹುಡುಗನಿಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು.

ಗಿಣ್ಣುಹಾಲಿನ ವಿಷಯವನ್ನೂ ಹೇಳಬೇಕು. ಮನುಷ್ಯರಲ್ಲಿ ರೋಗ ತಡೆಯುವ ಶಕ್ತಿಯ ಒಂದು ಪಾಲು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ಮಗುವಿಗೆ ಬಂದಿರುತ್ತದೆ. ಕುದುರೆಯಲ್ಲಿ ಹಾಗಲ್ಲ. ಮರಿ ಹೆಚ್ಚುಕಡಿಮೆ ಬರಿಗೈಯಲ್ಲಿ ಹುಟ್ಟುತ್ತದೆ. ಆ ಶಕ್ತಿಯೆಲ್ಲ ಮೊದಲ ಗಿಣ್ಣಿನಲ್ಲಿರುತ್ತದೆ. ಮರಿಯ ಕರುಳು ಅದನ್ನು ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿ. ಆದ್ದರಿಂದಲೇ ಆ 2.30ರ ಸಾಲಿಗೆ ಅಷ್ಟು ಬೆಲೆ.

“ಒಂದು ಕೊಂಡೆ, ಎರಡು ಬಂತು, ನಿನ್ನ ಅದೃಷ್ಟ ಅಂತಾರೆ ಸಾರ್ ಜನ. ಎರಡಕ್ಕೂ ಹುರುಳಿ ಹಾಕೋನು ನಾನೊಬ್ಬನೇ” ಎಂದು ನಗುತ್ತಾರೆ ತಂದೆ. ಆ ಹೆಣ್ಣುಮರಿ ಬೆಳೆದು ದುಡಿಯುವ ಹೊತ್ತಿಗೆ ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಖರ್ಚೇ. ತಾಯಿ ಗಾಡಿಗೆ ಮರಳುವ ತನಕ ನೆಂಟರ ಕುದುರೆಯ ಅರ್ಧಪಾಲೂ ಮುಂದುವರಿಯಿತು. ಈ ಲೆಕ್ಕವನ್ನು ಮುಚ್ಚಿಟ್ಟು ಬರಿಯ ಸಂಭ್ರಮ ಬರೆದರೆ ಅದು ಸುಳ್ಳಾದೀತು.

ಅರಮನೆಯ ಲಕ್ಷ್ಮಿ ಈದ ಮೇಲೆ, ಮರುವರ್ಷದ ದಸರಾದಿಂದ ಹೆಣ್ಣಾನೆಗಳನ್ನು ಆರಿಸುವ ಮೊದಲು ಗರ್ಭಪರೀಕ್ಷೆ ಮಾಡಿಸುವ ಕ್ರಮ ಬಂತು. ಒಳ್ಳೆಯದೇ ಆಯಿತು. ಮೂಕಪ್ರಾಣಿ ತನ್ನ ಮೈಯ ಸ್ಥಿತಿಯನ್ನು ತಾನಾಗಿ ಹೇಳಲಾರದು. ಕೆಲಸಕ್ಕೆ ಹಚ್ಚುವ ಮೊದಲು ಕೇಳಿ ತಿಳಿಯುವ ಹೊಣೆ ನಮ್ಮದೇ. ಎಲ್ಲರ ಮನೆಯಲ್ಲೂ ಅಲ್ಟ್ರಾಸೌಂಡ್ ಇರುವುದಿಲ್ಲ. ಪಕ್ಕೆಯ ಮೇಲೆ ಅಂಗೈಯಿಟ್ಟು ಎರಡು ನಿಮಿಷ ಸುಮ್ಮನೆ ನಿಲ್ಲುವುದಕ್ಕೆ ಯಂತ್ರವೇನೂ ಬೇಕಿಲ್ಲ. ಆ ಹುಡುಗ ನಿಂತಿದ್ದ.

ಪರೀಕ್ಷೆಯಲ್ಲಿ ಅವನಿಗೆ ಎಷ್ಟು ಅಂಕ ಬಂತೆಂದು ತಂದೆತಾಯಂದಿರು ಕೇಳಬಹುದು. ಪಾಸಾದ. ತಾಯಿಗೆ ಇನ್ನೂ ಸಮಾಧಾನವಿಲ್ಲ. ನೋಟ್‌ಬುಕ್ಕನ್ನು ಮಾತ್ರ ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ.