ಮೂರನೆಯ ಪ್ರತಿ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಯಾವ ಅಡ್ಡರಸ್ತೆಯನ್ನು ಹೊಕ್ಕರೂ ಎಡಬಲಗಳಲ್ಲಿ ಲೇತ್‌ಗಳ ಸದ್ದು, ಕಾದ ಎಣ್ಣೆಯ ವಾಸನೆ, ಬಾಗಿಲ ಮುಂದೆ ಉಕ್ಕಿನ ಸುರುಳಿ ಸಿಪ್ಪೆಯ ರಾಶಿ ಎದುರಾಗುತ್ತವೆ. ಇಲ್ಲಿನ ನೂರಾರು ಯಂತ್ರಶಾಲೆಗಳಲ್ಲಿ ಒಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ಹದಿನೈದು ಮಂದಿ ಕೆಲಸಗಾರರು, ನಾಲ್ಕು ಸಿ.ಎನ್.ಸಿ. ಯಂತ್ರಗಳು, ಹಲಗೆಯಿಂದ ಮರೆಮಾಡಿದ ಒಂದು ಸಣ್ಣ ಕಚೇರಿ. ಒಂದು ಕಾಲಕ್ಕೆ ಆ ಕಚೇರಿಯ ಉಕ್ಕಿನ ಬೀರುವಿನಲ್ಲಿ ನಕ್ಷೆಗಳ ಸುರುಳಿಗಳೂ ಲೆಕ್ಕದ ಪುಸ್ತಕಗಳೂ ಬಿಲ್ಲುಗಳ ಕಟ್ಟುಗಳೂ ತುಂಬಿದ್ದವು. ಈಗ ಅವೆಲ್ಲವೂ ಮೇಜಿನ ಮೇಲಿನ ಗಣಕಯಂತ್ರವನ್ನು ಸೇರಿವೆ. ಬೀರುವಿನಲ್ಲಿ ಉಳಿದಿರುವುದು ಕಾಫಿಯ ಲೋಟಗಳು ಮತ್ತು ಆಯುಧಪೂಜೆಯ ಹಿತ್ತಾಳೆಯ ತಟ್ಟೆ.

ಇಂಥ ಶಾಲೆಯ ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ಸೋದರಳಿಯನೊಬ್ಬ ಇದ್ದನೆನ್ನೋಣ. ಒಂದು ಭಾನುವಾರ ಅವನು ಊಟಕ್ಕೆ ಬಂದವನು ಮಾತಿನ ನಡುವೆ ಕೇಳುತ್ತಾನೆ:

“ಮಾವ, ಗಣಕಯಂತ್ರದಲ್ಲಿರುವುದಕ್ಕೆಲ್ಲ ಇನ್ನೊಂದು ಪ್ರತಿ ಇದೆಯೆ?”

“ಇಲ್ಲದೆ ಏನಪ್ಪ! ಪ್ರತಿ ಶನಿವಾರ ಬೇರೊಂದು ಡಿಸ್ಕಿಗೆ ನಕಲು ಮಾಡಿಸುತ್ತೇನೆ.”

“ಆ ಡಿಸ್ಕು ಎಲ್ಲಿದೆ?”

“ಅದೇ ಮೇಜಿನ ಕೆಳಗಿನ ಖಾನೆಯಲ್ಲಿ. ಬೀಗ ಬೇರೆ ಹಾಕಿದೆ.”

“ಬೆಂಕಿ ಬಿದ್ದರೆ ಅದು ಮೇಜನ್ನು ಸುಟ್ಟು ಖಾನೆಯನ್ನು ಬಿಟ್ಟುಹೋಗುತ್ತದೆಯೆ, ಮಾವ?”

ಯಜಮಾನರ ಕೈಯ ತುತ್ತು ಅರೆಕ್ಷಣ ತಡೆಯುತ್ತದೆ. ಬೀಗ ಹಾಕಿದ್ದು ಕಳ್ಳನನ್ನು ನೆನೆದು. ಬೆಂಕಿಗೂ ನೀರಿಗೂ ಬೀಗದ ಹಂಗಿಲ್ಲ.

೨೦೨೨ರ ಸೆಪ್ಟೆಂಬರ್ ಮೊದಲ ವಾರದ ಮಳೆಯನ್ನು ಬೆಂಗಳೂರಿನ ಪೂರ್ವಭಾಗದವರು ಮರೆತಿರಲಾರರು. ಕೆರೆಗಳು ಕೋಡಿ ಹರಿದು, ಬೆಳ್ಳಂದೂರು, ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಬಡಾವಣೆಗಳೂ ಹೊರವರ್ತುಲ ರಸ್ತೆಯೂ ಜಲಾವೃತವಾದವು. ಕಚೇರಿಗೆ ಟ್ರ್ಯಾಕ್ಟರು ಹತ್ತಿ ಹೋದ ಮಹನೀಯರ ಚಿತ್ರಗಳನ್ನು ಲೋಕವೇ ಕಂಡಿತು. ಅಂಥ ದಿನ ನೆಲಮಾಳಿಗೆಯಲ್ಲಿಟ್ಟ ಯಂತ್ರವೂ, ಅದರ ಪಕ್ಕದಲ್ಲಿಯೇ ಇಟ್ಟ ಪ್ರತಿಯೂ ಒಂದೇ ನೀರಿನಲ್ಲಿ ಮುಳುಗುತ್ತವೆ. ಒಂದೇ ಸೂರಿನ ಕೆಳಗೆ ಇರುವ ಎರಡು ಪ್ರತಿಗಳು ಲೆಕ್ಕಕ್ಕೆ ಎರಡಾದರೂ ಆಪತ್ತಿಗೆ ಒಂದೇ.

ಈ ವಿವೇಕ ಕನ್ನಡನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ರಚಿಸಿದ ‘ಭುವನೈಕರಾಮಾಭ್ಯುದಯ’ ಇಂದು ಹೆಸರಿನಿಂದ ಮಾತ್ರ ಪರಿಚಿತ, ಕೃತಿ ನಷ್ಟವಾಗಿದೆ. ಆ ಸಾಧ್ವಿಯು ಮಾಡಿಸಿದ ಕೆಲಸದ ಸಾರವೆಂದರೆ, ಪ್ರತಿಗಳು ಬಹಳವಾಗಿದ್ದುದಷ್ಟೇ ಅಲ್ಲ, ಅವು ಒಂದೆಡೆ ಕೂಡಿಡಲ್ಪಡದೆ ಹಲವು ಕೈಗಳಿಗೆ, ಹಲವು ಊರುಗಳಿಗೆ ಚದುರಿದವು ಎಂಬುದು. ಗಣಕಶಾಸ್ತ್ರದವರು ಇದನ್ನೇ ಮೂರು, ಎರಡು, ಒಂದು ಎಂಬ ಸೂತ್ರವಾಗಿ ಹೇಳುತ್ತಾರೆ: ಪ್ರತಿಗಳು ಮೂರಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿರಬೇಕು.

ಆ ಬೇರೆ ಸ್ಥಳ ಯಾವುದು? ಇಲ್ಲಿ ಬಾಡಿಗೆಯ ಸರ್ವರಿನ ಮಾತು ಬರುತ್ತದೆ.

ಸರ್ವರ್ ಎಂದರೆ ಹಗಲಿರುಳು ಎಚ್ಚರವಿದ್ದು, ದೂರದಿಂದ ಬಂದ ಕೋರಿಕೆಗಳನ್ನು ನಡೆಸಿಕೊಡುವ ಗಣಕಯಂತ್ರ. ದತ್ತಾಂಶ ಕೇಂದ್ರಗಳೆಂಬ ಕಟ್ಟಡಗಳಲ್ಲಿ ಇಂಥವನ್ನು ಸಾಲುಸಾಲಾಗಿ ನಿಲ್ಲಿಸಿ, ತಂಪುಗಾಳಿ, ಎಡೆಬಿಡದ ವಿದ್ಯುತ್ತು, ಡೀಸೆಲ್ ಜನರೇಟರು, ಕಾವಲುಗಾರರು ಎಲ್ಲವನ್ನೂ ಒದಗಿಸಿ ಬಾಡಿಗೆಗೆ ಕೊಡುತ್ತಾರೆ. ವೈಟ್‌ಫೀಲ್ಡ್ ಕಡೆಯಲ್ಲಿಯೂ ಇಂಥ ಕಟ್ಟಡಗಳುಂಟು. ಹಳೆಯ ಬೆಂಗಳೂರನ್ನು ಬಲ್ಲವರಿಗೆ ಬಾಡಿಗೆಯ ಬಗೆಗಳು ಸುಲಭವಾಗಿ ತಿಳಿಯುತ್ತವೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದು ವಠಾರದ ವಾಸ. ಬಾಡಿಗೆ ಕಡಮೆ, ನಲ್ಲಿ ಒಂದೇ. ಇಡೀ ಯಂತ್ರವನ್ನು ಒಬ್ಬರೇ ಹಿಡಿಯುವುದು ಒಂಟಿಮನೆ. ಇದನ್ನೇ ಡೆಡಿಕೇಟೆಡ್ ಸರ್ವರ್ ಎನ್ನುತ್ತಾರೆ. ಸ್ವಂತ ಯಂತ್ರವನ್ನು ಕೊಂಡೊಯ್ದು ಅಲ್ಲಿ ಜಾಗವನ್ನು ಮಾತ್ರ ಬಾಡಿಗೆಗೆ ಪಡೆಯುವುದು ಇನ್ನೊಬ್ಬರ ನಿವೇಶನದಲ್ಲಿ ಮನೆ ಕಟ್ಟಿದಂತೆ. ಮೇಘಸಂಗ್ರಹ ಎಂಬುದು ಮಂಡಿಯ ಉಗ್ರಾಣ. ಇಟ್ಟ ಮೂಟೆಗಿಷ್ಟೆಂದು ತಿಂಗಳ ಲೆಕ್ಕ, ಎಷ್ಟೋ ಕಡೆ ಮೂಟೆಯನ್ನು ಹಿಂದಕ್ಕೆ ತರುವಾಗ ಮತ್ತೆ ಬೇರೆ ಸುಂಕ. ಸಾಮಾನು ಕಡಮೆಯಿದ್ದಾಗ ಉಗ್ರಾಣ ಅಗ್ಗ. ಹತ್ತಾರು ಟೆರಾಬೈಟುಗಳಾದಾಗ, ಬಳಸಿದರೂ ಬಿಟ್ಟರೂ ಒಂದೇ ಬಾಡಿಗೆಯಿರುವ ಒಂಟಿಮನೆ ಮೇಲು.

ಪ್ರತಿಯನ್ನು ಕಾಪಾಡುವ ಯಂತ್ರ ಚುರುಕಾದದ್ದಾಗಿರಬೇಕೆಂಬ ನಿಯಮವಿಲ್ಲ. ಅದಕ್ಕೆ ಬೇಕಾದುದು ವಿಶಾಲವಾದ ಹಾರ್ಡ್ ಡಿಸ್ಕುಗಳು; ಮಿದುಳು ಮಂದವಾದರೂ ನಡೆದೀತು. ಆದಕಾರಣ ಇತರರು ಬಳಸಿ ಬಿಟ್ಟ ಕೆಲವು ವರ್ಷ ಹಳೆಯ ಯಂತ್ರವೇ ಈ ಕೆಲಸಕ್ಕೆ ಸಾಕು. ಜರ್ಮನಿಯ ಹೆಟ್ಸ್‌ನರ್ ಸಂಸ್ಥೆ ಇಂಥ ಬಳಸಿದ ಸರ್ವರುಗಳಿಗೆಂದೇ ಹರಾಜಿನ ಏರ್ಪಾಡನ್ನು ನಡೆಸುತ್ತ ಬಂದಿದೆ. ಆದರೆ ಬೆಲೆಯನ್ನು ಓದುವಾಗ ಕಣ್ಣು ಚುರುಕಾಗಿರಬೇಕು. ಆರಂಭದ ಶುಲ್ಕವೆಷ್ಟು, ಶೇಕಡ ೧೮ರ ಜಿ.ಎಸ್.ಟಿ. ಸೇರಿದೆಯೆ, ತಿಂಗಳಿಗೆ ಎಷ್ಟು ದತ್ತಾಂಶ ಓಡಾಡಬಹುದು, ಡಿಸ್ಕು ಕೆಟ್ಟರೆ ಯಾರ ಖರ್ಚಿನಲ್ಲಿ ಎಷ್ಟು ಹೊತ್ತಿನೊಳಗೆ ಬದಲಿಸುತ್ತಾರೆ ಎಂಬುದನ್ನು ಮೊದಲೇ ಬರೆಹದಲ್ಲಿ ಪಡೆಯುವುದು ಒಳ್ಳೆಯದು. ಎರಡು ಡಿಸ್ಕುಗಳಿಗೆ ಒಂದನ್ನೊಂದು ಪ್ರತಿಬಿಂಬಿಸುವಂತೆ ಜೋಡಿ ಹಾಕಿದ್ದರೆ, ನಾಲ್ಕು ನಾಲ್ಕು ಟೆರಾಬೈಟಿನ ಎರಡು ಡಿಸ್ಕುಗಳಿಂದ ದೊರೆಯುವ ಜಾಗ ನಾಲ್ಕೇ. ಈ ಜೋಡಿಯನ್ನು ಕಂಡು ಎರಡು ಪ್ರತಿಗಳಿವೆಯೆಂದು ಭ್ರಮಿಸುವವರುಂಟು. ಒಂದು ಡಿಸ್ಕು ಕೆಟ್ಟರೆ ಜೋಡಿ ಕಾಪಾಡುತ್ತದೆ, ನಿಜ. ಆದರೆ ತಪ್ಪಿ ಒಂದರಲ್ಲಿ ಅಳಿಸಿದುದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿದುಹೋಗುತ್ತದೆ. ಕನ್ನಡಿಯ ಬಿಂಬ ಪ್ರತಿಯಲ್ಲ.

ಅಗ್ಗವೆಂದು ಪರದೇಶದ ಸರ್ವರನ್ನೊಂದನ್ನೇ ನೆಚ್ಚುವ ಮುನ್ನ ಕಾನೂನನ್ನೂ ನೋಡಬೇಕು. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ ೨೦೨೨ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಂತೆ, ವಿದ್ಯುನ್ಮಾನ ರೂಪದಲ್ಲಿ ಇಟ್ಟ ಲೆಕ್ಕದ ಪುಸ್ತಕಗಳ ಪ್ರತಿಯು ಭಾರತದೊಳಗೇ ಇರುವ ಸರ್ವರಿನಲ್ಲಿ ದಿನವಹಿ ಸಿದ್ಧವಾಗತಕ್ಕದ್ದು. ಒಬ್ಬರೇ ನಡೆಸುವ ಅಥವಾ ಪಾಲುದಾರಿಕೆಯ ಸಣ್ಣ ಶಾಲೆಗೆ ಈ ನಿಯಮ ತಗಲದು; ಪ್ರೈವೇಟ್ ಲಿಮಿಟೆಡ್ ಎಂದು ಫಲಕ ಹಾಕಿಕೊಂಡವರಿಗೆ ತಗಲುತ್ತದೆ. ಇನ್ನು ಜಿ.ಎಸ್.ಟಿ. ಕಾನೂನಿನಂತೆ ವಾರ್ಷಿಕ ವಿವರಪತ್ರದ ಗಡುವಿನಿಂದ ೭೨ ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. “ನೀರು ನುಗ್ಗಿತು, ಸ್ವಾಮಿ” ಎಂಬ ಉತ್ತರ ಅಧಿಕಾರಿಯ ಮುಂದೆ ಎಷ್ಟು ದೂರ ನಡೆದೀತು?

ಪೀಣ್ಯಕ್ಕೂ ವೈಟ್‌ಫೀಲ್ಡಿಗೂ ನಡುವೆ ಸುಮಾರು ಮೂವತ್ತು ಕಿಲೋಮೀಟರುಗಳ ಅಂತರ. ಬೆಂಕಿ, ಕಳವು, ಸೋರುವ ಮಾಡು, ಇವುಗಳಿಗೆ ಆ ಅಂತರ ಧಾರಾಳವಾಗಿ ಸಾಕು. ಇಡೀ ನಗರಕ್ಕೆ ಒದಗುವ ಆಪತ್ತಿಗೂ ಅಂಜುವವರು ಮುಂಬಯಿ, ಚೆನ್ನೈ ಅಥವಾ ಹೈದರಾಬಾದಿನ ದತ್ತಾಂಶ ಕೇಂದ್ರವನ್ನು ಆರಿಸಿಕೊಳ್ಳಬಹುದು. ಯಾವ ಊರೇ ಆಗಲಿ, ಪ್ರತಿ ನಿಜವಾಗಿ ಎಲ್ಲಿದೆ ಎಂಬುದನ್ನು ಕೇಳಿ ತಿಳಿದಿರಬೇಕು. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓ.ವಿ.ಎಚ್. ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರ ಸುಟ್ಟು ಬೂದಿಯಾಯಿತು. ಹಣ ತೆತ್ತು ಬ್ಯಾಕಪ್ ಪಡೆದಿದ್ದ ಗಿರಾಕಿಯೊಬ್ಬನ ಸರ್ವರೂ ಅದರ ಪ್ರತಿಯೂ ಅದೇ ಕಟ್ಟಡದಲ್ಲಿದ್ದುದು ಆಗ ಬಯಲಾಯಿತು. ೨೦೨೩ರಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ ಅವನಿಗೆ ಪರಿಹಾರ ಕೊಡಿಸಿತು. ಪರಿಹಾರದಿಂದ ಹಣ ಬಂದೀತು. ಸುಟ್ಟುಹೋದ ದತ್ತಾಂಶ ಬಾರದು. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ್ದೇ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರ್ಕಾರಿ ನೌಕರರ ಕಡತಗಳಿದ್ದ ೮೫೮ ಟೆರಾಬೈಟುಗಳ ಭಂಡಾರ ನಾಶವಾಯಿತು. ಬಹಳ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗೆಲ್ಲಿಯೂ ಪ್ರತಿ ಇರಿಸಿರಲಿಲ್ಲ. ಸರ್ಕಾರವೇ ಹೀಗೆ ಎಡವಿದಾಗ ಪೀಣ್ಯದ ಯಜಮಾನರ ಮೇಜಿನ ಖಾನೆಯನ್ನು ಕಂಡು ನಗುವ ಹಕ್ಕು ಯಾರಿಗಿದೆ?

ಸರ್ವರನ್ನು ಹಿಡಿದುದಾಯಿತು; ಅಲ್ಲಿಗೆ ಸಾಮಾನು ಸಾಗಬೇಕಲ್ಲ! ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದ ಕಾಲದಲ್ಲಿ, ಹೊರದೇಶಕ್ಕೆ ದತ್ತಾಂಶವನ್ನು ಕಳುಹಿಸಲು ಉಪಗ್ರಹದ ಸಂಪರ್ಕವನ್ನೇ ಏರ್ಪಡಿಸಬೇಕಾಗಿತ್ತು. ಇಂದು ಅಡ್ಡರಸ್ತೆಯ ಕಂಬದಿಂದ ಇಳಿದ ತಂತು ಆ ಕೆಲಸವನ್ನು ಮಾಡುತ್ತದೆ. ಆದರೂ ಲೆಕ್ಕ ಹಾಕಿಯೇ ಹೊರಡಬೇಕು. ಕಳುಹಿಸುವ ವೇಗ ಸೆಕೆಂಡಿಗೆ ೧೦೦ ಮೆಗಾಬಿಟ್ಟುಗಳಿದ್ದರೆ ಒಂದು ಟೆರಾಬೈಟ್ ಸಾಗಲು ಸುಮಾರು ೨೨ ಗಂಟೆ ಬೇಕು. ೨೦ ಮೆಗಾಬಿಟ್ಟುಗಳಿದ್ದರೆ ನಾಲ್ಕೂವರೆ ದಿನಕ್ಕೂ ಮಿಗಿಲು. ಈ ಶ್ರಮ ಮೊದಲ ಬಾರಿಗೆ ಮಾತ್ರ. ಅನಂತರ ರಾತ್ರಿ ಯಂತ್ರಗಳು ನಿಂತ ಮೇಲೆ, ಆ ದಿನ ಬದಲಾದಷ್ಟನ್ನೇ ಕಳುಹಿಸಿದರೆ ಸಾಕು. ರೆಸ್ಟಿಕ್, ಬೋರ್ಗ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸವನ್ನು ನಿರ್ವಹಿಸುತ್ತವೆ. ದತ್ತಾಂಶವನ್ನು ಇಲ್ಲಿಂದಲೇ ಗೂಢಲಿಪಿಯಾಗಿಸಿ ಕಳುಹಿಸುವುದರಿಂದ ಸರ್ವರಿನ ಒಡೆಯನೂ ಅದನ್ನು ಓದಲಾರ.

ಒಂಟಿಮನೆಯ ಸುಖದೊಡನೆ ಅದರ ಹೊಣೆಯೂ ಬರುತ್ತದೆ. ವಠಾರದ ಹೆಬ್ಬಾಗಿಲನ್ನು ಮಾಲೀಕ ಮುಚ್ಚಿಯಾನು. ಒಂಟಿಮನೆಯ ಚಿಲಕ ಬಾಡಿಗೆದಾರನದೇ. ಸರ್ವರಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವವರು ಬೇಕು. ೨೦೧೭ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಲೋಕದಾದ್ಯಂತ ಗಣಕಯಂತ್ರಗಳ ಕಡತಗಳನ್ನು ಬೀಗಹಾಕಿ ಒತ್ತೆಹಣ ಕೇಳಿತು. ಅಂಥದು ಕಚೇರಿಗೆ ನುಗ್ಗಿದಾಗ, ಅಲ್ಲಿಂದಲೇ ಸರ್ವರಿನ ಹಳೆಯ ಪ್ರತಿಗಳನ್ನು ಅಳಿಸುವ ಅಧಿಕಾರವೂ ಅದರ ಕೈಸೇರಿದರೆ ಮೂರು ಪ್ರತಿಗಳೂ ಒಟ್ಟಿಗೆ ಹೋದಾವು. ಆದ್ದರಿಂದ ಕಚೇರಿಯ ಯಂತ್ರಕ್ಕೆ ಹೊಸದನ್ನು ಸೇರಿಸುವ ಅಧಿಕಾರವಿರಲಿ, ಹಳೆಯದನ್ನು ಅಳಿಸುವ ಅಧಿಕಾರ ಬೇಡ. ಇನ್ನೊಂದು ಮಾತು: ಬಾಡಿಗೆ ನಿಂತ ಸರ್ವರು ಒರಸಲ್ಪಟ್ಟು ಮತ್ತೊಬ್ಬರ ಪಾಲಾಗುತ್ತದೆ. ಬ್ಯಾಂಕಿನ ಕಾರ್ಡಿನ ಅವಧಿ ಮುಗಿದುದನ್ನು ಮರೆತ ಒಂದೇ ಮರೆವಿನಿಂದ ಹತ್ತು ವರ್ಷದ ಎಚ್ಚರ ವ್ಯರ್ಥವಾಗಬಹುದು.

ಇಷ್ಟು ಓದಿ, ಮನೆಮನೆಗೂ ಸರ್ವರು ಬೇಕೆಂದು ಯಾರೂ ಭಾವಿಸಬೇಕಾಗಿಲ್ಲ. ಮಗಳ ಮದುವೆಯ ಚಿತ್ರಗಳು, ಮನೆಯ ಪತ್ರಗಳ ನಕಲು, ಇಷ್ಟೇ ಇರುವ ಸಂಸಾರಕ್ಕೆ ಎರಡು ಡಿಸ್ಕುಗಳು ಸಾಕು. ಒಂದು ಮನೆಯಲ್ಲಿರಲಿ, ಇನ್ನೊಂದು ಮೈಸೂರಿನ ತಂಗಿಯ ಮನೆಯ ಬೀರುವಿನಲ್ಲಿರಲಿ. ಹಬ್ಬಕ್ಕೆ ಹೋದಾಗಲೆಲ್ಲ ಅದಲುಬದಲು ಮಾಡಿದರಾಯಿತು. ದಿನದಿನವೂ ಬದಲಾಗುವ, ಕಳೆದರೆ ಹದಿನೈದು ಸಂಸಾರಗಳ ಅನ್ನಕ್ಕೆ ಧಕ್ಕೆ ತರುವ ದತ್ತಾಂಶ ಯಾರಲ್ಲಿದೆಯೋ ಅವರಿಗೆ ತಿಂಗಳ ಬಾಡಿಗೆ ದುಂದಲ್ಲ.

ಕಲ್ಪನೆಯ ಆ ಯಜಮಾನರ ಮನೆಗೆ ಮರಳೋಣ. ತಿಂಗಳೊಂದು ಕಳೆದಿದೆ. ಮೂರನೆಯ ಪ್ರತಿ ಚೆನ್ನೈಯ ಸರ್ವರಿನಲ್ಲಿ ಸೇರಿದೆ. ಸೋದರಳಿಯ ಸುಮ್ಮನಿರುವವನಲ್ಲ.

“ಮಾವ, ಎರಡು ವಾರದ ಹಿಂದಿನ ಒಂದು ನಕ್ಷೆಯನ್ನು ಅಲ್ಲಿಂದ ಹಿಂದಕ್ಕೆ ತರಿಸಿ ನೋಡೋಣ. ಹಿಂದಕ್ಕೆ ಬಾರದ ಪ್ರತಿ ಇದ್ದೂ ಇಲ್ಲದಂತೆ.”

ನಕ್ಷೆ ಬಂದಿತು. ತೆರೆದು ನೋಡಿದರೆ ಅಳತೆಗಳೆಲ್ಲ ಸರಿಯಾಗಿವೆ. ಯಜಮಾನರು ಸಮಾಧಾನದಿಂದ ಕನ್ನಡಕವನ್ನು ತೆಗೆದು ಒರೆಸಿಕೊಂಡರು.

“ಆ ಗೂಢಲಿಪಿಯ ಗುಪ್ತಪದ ಕಳೆದರೆ ಬ್ರಹ್ಮನಿಂದಲೂ ಓದಲಾಗದು, ನೆನಪಿರಲಿ” ಎಂದ ಅಳಿಯ.

“ಕಾಗದದಲ್ಲಿ ಬರೆದು ನಿಮ್ಮತ್ತೆಯ ಒಡವೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ ಕಣೋ. ಅದಕ್ಕಿಂತ ಭದ್ರವಾದ ಸ್ಥಳ ಈ ಊರಿನಲ್ಲಿಲ್ಲ.”

ಒಳಗಿನಿಂದ ಕಾಫಿ ತರುತ್ತಿದ್ದ ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು: “ಅದರದೊಂದು ಪ್ರತಿಯನ್ನು ನಾನು ಆಗಲೇ ತುಮಕೂರಿನ ಅಕ್ಕನ ಮನೆಯಲ್ಲಿ ಕೊಟ್ಟುಬಂದೆ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದೆಂದು ಅಳಿಯಂದಿರು ಅಂದು ಹೇಳಿದ್ದು ನನಗೂ ಕೇಳಿಸಿತ್ತು.”