ಫೋರ್ ಬೈ ಫೋರ್ ಕೊಂಡರೆ ಸಾಲದು, ಕಲಿಯಬೇಕು

ಹೋದ ವರ್ಷ ಜುಲೈನಲ್ಲಿ ಊರಿಗೆ ಹೋಗಿದ್ದೆ. ಹೊಸನಗರ ತಾಲ್ಲೂಕಿನ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಒಂದು ಕಿಲೋಮೀಟರಿನಷ್ಟು ಮಣ್ಣಿನ ಹಾದಿ, ಅದರಲ್ಲಿ ಅರ್ಧ ಬರೀ ಇಳಿಜಾರು. ಒಂದು ಬದಿ ದರೆ, ಇನ್ನೊಂದು ಬದಿ ಹತ್ತಡಿ ಕೆಳಗೆ ಅಡಿಕೆ ತೋಟ. ಅಪ್ಪಯ್ಯನಿಗೆ ಮೂರು ದಿನದಿಂದ ಜ್ವರವಿತ್ತು. ಆಸ್ಪತ್ರೆಗೆಂದು ನನ್ನ ಪಿಕಪ್‌ನಲ್ಲಿ ಕೂರಿಸಿಕೊಂಡು ಹೊರಟೆ. ಸುರಿಯುವ ಮಳೆ. ಆದರೂ ನನಗೆ ಚಿಂತೆ ಇರಲಿಲ್ಲ. ಗಾಡಿ ಫೋರ್ ಬೈ ಫೋರ್ ಅಲ್ಲವೇ? ಗುಂಡಿಯನ್ನು 4ಎಚ್‌ಗೆ ತಿರುಗಿಸಿ, ಎರಡನೇ ಗೇರ್‌ನಲ್ಲಿ ಇಳಿಯತೊಡಗಿದೆ.

ತಿರುವು ಹತ್ತಿರ ಬಂದಾಗ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದರೂ ಮೂತಿ ತಿರುಗಲಿಲ್ಲ. ಜಾರುತ್ತ ಹೋಗಿ ದರೆಗೆ ಒರಗಿ ನಿಂತಿತು. ಇನ್ನೊಂದು ಬದಿಗೆ ಜಾರಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ಅಪ್ಪಯ್ಯ ಹಿಡಿಕೆಯನ್ನು ಬಿಡದೆ ಕೇಳಿದ್ದು ಒಂದೇ ಮಾತು: "ಇದಕ್ಕಾ ಇಷ್ಟು ದುಡ್ಡು ಕೊಟ್ಟಿದ್ದು?"

ಫೋನ್ ಮಾಡಿದಾಗ ಬಂದವರು ಪಕ್ಕದ ಊರಿನ ಜೀಪಿನ ಅಣ್ಣ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸಿ ಇಳಿಸುವುದೇ ಅವರ ಹೊಟ್ಟೆಪಾಡು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ನಕ್ಕರು. "ತಮ್ಮಾ, ನಾಲ್ಕು ಚಕ್ರ ಎಳೀತಾವೆ ಅಂತ ಬ್ರೇಕ್ ಎಂಟಾಗ್ತದಾ?"

ಎಂ.ಟೆಕ್ ಮಾಡಿದ ನನಗೆ ಹೊಳೆಯದ ವಿಷಯ ಅದು. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಫೋರ್ ವೀಲ್ ಡ್ರೈವ್ ಕೊಡುವುದು ಮುಂದಕ್ಕೆ ಎಳೆಯುವ ಹಿಡಿತವನ್ನು ಮಾತ್ರ. ನಿಲ್ಲುವುದಕ್ಕೂ ತಿರುಗುವುದಕ್ಕೂ ಅದೇ ಟೈರು, ಅದೇ ಕೆಸರು. ಅಣ್ಣ ಗಾಡಿಯನ್ನು 4ಎಲ್‌ಗೆ ಹಾಕಿ, ಮೊದಲ ಗೇರ್‌ನಲ್ಲಿ, ಬ್ರೇಕನ್ನೂ ಕ್ಲಚ್ಚನ್ನೂ ಮುಟ್ಟದೆ ನಡೆದುಕೊಂಡು ಹೋಗುವ ವೇಗದಲ್ಲಿ ಕೆಳಗಿಳಿಸಿದರು. ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತ್ತು.

ಇದನ್ನು ಬರೆಯಲು ಕಾರಣವಿದೆ. ಪುಣೆಯಲ್ಲಿ ನನ್ನಂಥ ಕನ್ನಡಿಗರು ಬಹಳ ಮಂದಿ ಇದ್ದಾರೆ. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಥಾರ್, ಸ್ಕಾರ್ಪಿಯೋ, ಇಸುಜು ವಿ-ಕ್ರಾಸ್, ಹೈಲಕ್ಸ್ ಕಡೆಗೆ ಕಣ್ಣು ಹಾಯುತ್ತದೆ. ಊರಿಗೆ ಹೋಗಬೇಕು, ಗೊಬ್ಬರದ ಚೀಲ ಹೇರಬೇಕು, ಬರುವಾಗ ಹಲಸು, ತೆಂಗು ತುಂಬಿಕೊಂಡು ಬರಬೇಕು ಎಂಬ ಆಸೆ. ಆಸೆ ತಪ್ಪಲ್ಲ. ಆದರೆ ವರ್ಷವಿಡೀ ಹಿಂಜೆವಾಡಿಯ ಟ್ರಾಫಿಕ್‌ನಲ್ಲಿ ಓಡಿಸಿ, ಆ ಗುಂಡಿಯನ್ನು ಮೊದಲ ಸಲ ಮುಟ್ಟುವುದು ಊರಿನ ಮಳೆಗಾಲದಲ್ಲಿ, ಪಕ್ಕದಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡಾಗ. ಶೋರೂಮಿನಲ್ಲಿ ಗಾಡಿ ಒಪ್ಪಿಸುವಾಗ ಮ್ಯೂಸಿಕ್ ಸಿಸ್ಟಮ್‌ಗೆ ಫೋನ್ ಜೋಡಿಸುವುದನ್ನು ಅರ್ಧ ಗಂಟೆ ಹೇಳಿಕೊಟ್ಟರು. 4ಎಲ್ ಬಗ್ಗೆ "ಮ್ಯಾನುಯಲ್‌ನಲ್ಲಿ ಇದೆ ಸರ್" ಎಂದರು, ಅಷ್ಟೇ. ನಾನೂ ಓದಲಿಲ್ಲ.

ಹೊಸಬರಿಗಾಗಿ ನಾನು ಕಲಿತದ್ದನ್ನು ಹೇಳುತ್ತೇನೆ. ನಮ್ಮಲ್ಲಿನ ಹೆಚ್ಚಿನ ಪಿಕಪ್‌ಗಳದ್ದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. 2ಎಚ್‌ನಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. 4ಎಚ್‌ಗೆ ಹಾಕಿದರೆ ಮುಂದಿನ ಆ್ಯಕ್ಸಲ್ ಮತ್ತು ಹಿಂದಿನ ಆ್ಯಕ್ಸಲ್ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತೊಡಕು ಇರುವುದು ಇಲ್ಲೇ. ಗಾಡಿ ತಿರುವಿನಲ್ಲಿ ಹೋಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರಡು ಆ್ಯಕ್ಸಲ್‌ಗಳ ನಡುವೆ ಸುಮಾರು 3 ಮೀಟರ್ ಇರುವ ಪಿಕಪ್ ಬಿಗಿಯಾಗಿ ಕಾಲು ಸುತ್ತು ತಿರುಗಿತು ಎನ್ನಿ. ಹಿಂದಿನ ಆ್ಯಕ್ಸಲ್ 6 ಮೀಟರ್ ತ್ರಿಜ್ಯದಲ್ಲಿ ಸುಮಾರು 9.4 ಮೀಟರ್ ಹೋದರೆ, ಮುಂದಿನದು ಸುಮಾರು 10.5 ಮೀಟರ್ ಹೋಗಬೇಕು. ಒಂದು ಮೀಟರಿಗೂ ಮಿಕ್ಕಿದ ವ್ಯತ್ಯಾಸ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗುವುದಿಲ್ಲ. ಆ ಬಿಗಿತವೆಲ್ಲ ಗೇರು, ಶಾಫ್ಟು, ಟೈರುಗಳ ಮೇಲೆ ಬೀಳುತ್ತದೆ.

ಇದೂ ನನಗೆ ಅನುಭವದಿಂದಲೇ ತಿಳಿದದ್ದು. ಗೆಳೆಯರಿಗೆ ತೋರಿಸಲೆಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ 4ಎಚ್ ಹಾಕಿ ತಿರುಗಿಸಿದ್ದೆ. ಸ್ಟೇರಿಂಗ್ ಬಿಗಿಯಾಯಿತು, ಟೈರು ಕಿರುಗುಟ್ಟಿತು, ಗಾಡಿ ಮುಗ್ಗರಿಸಿದಂತೆ ಆಡಿತು. ಕೆಟ್ಟುಹೋಯಿತೆಂದು ಹೆದರಿದೆ. ಕೆಟ್ಟಿರಲಿಲ್ಲ, ಹಾಗೇ ಓಡಿಸುತ್ತಿದ್ದರೆ ಕೆಡುತ್ತಿತ್ತು. ಆದ್ದರಿಂದ ಒಣ ಡಾಂಬರು, ಕಾಂಕ್ರೀಟಿನ ಮೇಲೆ 2ಎಚ್ ಮಾತ್ರ. ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಗೆ ಬರುವ ಹೆದ್ದಾರಿಯಲ್ಲಿ ಮಳೆ ಬಂದರೂ 4ಎಚ್ ಹಾಕಿ ಹಾರಿಸಿಕೊಂಡು ಹೋಗುವ ಯೋಚನೆ ಬೇಡ. ಅಲ್ಲಿ ವೇಗ ಇಳಿಸುವುದೇ ಮದ್ದು. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಒದ್ದೆ ತಿರುವಿನಲ್ಲಿ ಬಾಲ ಬೀಸುತ್ತದೆ ಎಂಬುದೂ ನೆನಪಿರಲಿ.

4ಎಚ್ ಬೇಕಾಗುವುದು ಕೆಸರು, ಮರಳು, ಸಡಿಲ ಜಲ್ಲಿ, ಒದ್ದೆ ಹುಲ್ಲಿನ ಮೇಲೆ. ಹೂತ ಮೇಲೆ ಹಾಕುವುದಲ್ಲ, ಕೆಸರಿಗೆ ಇಳಿಯುವ ಮೊದಲೇ ಹಾಕಬೇಕು. 4ಎಲ್‌ಗೆ ಹೋಗಬೇಕಾದರೆ ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಬದಲಿಸಬೇಕು. ಅದರಲ್ಲಿ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚು. ಕಡಿದಾದ ಏರು, ಕಲ್ಲಿನ ಕೊರಕಲು, ಅದಕ್ಕಿಂತ ಮುಖ್ಯವಾಗಿ ಇಳಿಜಾರು, ಇವಕ್ಕೇ ಅದು ಇರುವುದು. ಇಳಿಯುವಾಗ ಚಕ್ರ ಜಾರತೊಡಗಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಆಗ ಬೇಕಾದದ್ದು ಚೂರೇ ಚೂರು ಎಕ್ಸಲರೇಟರ್. ಚಕ್ರ ಮತ್ತೆ ಉರುಳತೊಡಗಿದರೆ ಸ್ಟೇರಿಂಗ್ ಮಾತು ಕೇಳುತ್ತದೆ. ಇದು ಓದಿ ಬರುವ ವಿದ್ಯೆಯಲ್ಲ. ಬಯಲಿನಲ್ಲಿ ಸಣ್ಣ ಇಳಿಜಾರಿನಲ್ಲಿ ಹತ್ತು ಸಲ ಮಾಡಿದರೇ ಕಾಲಿಗೆ ಅರ್ಥವಾಗುವುದು.

ಡಿಫರೆನ್ಷಿಯಲ್ ಲಾಕ್ ಇದ್ದರೆ, ಒಂದು ಚಕ್ರ ಗಾಳಿಯಲ್ಲಿ ಸುತ್ತುತ್ತ ಗಾಡಿ ಕದಲದಿದ್ದಾಗ ಮಾತ್ರ ಅದನ್ನು ಹಾಕಿ, ನೇರವಾಗಿ ಹೊರಬಂದ ಕೂಡಲೇ ತೆಗೆಯಬೇಕು. ಹೂತಾಗ ಎಕ್ಸಲರೇಟರ್ ತುಳಿದರೆ ಚಕ್ರ ಇನ್ನಷ್ಟು ಗುಂಡಿ ತೋಡುತ್ತದೆ. ನಿಲ್ಲಿಸಿ, ಇಳಿದು, ಚಕ್ರದ ಮುಂದಿನ ಮಣ್ಣು ಕೆರೆದು, ಕಲ್ಲೋ ಸೊಪ್ಪೋ ಹಾಸಿ ನಿಧಾನವಾಗಿ ಹೊರಡಬೇಕು. ಕೊಂಕಣದ ಮರಳಿನಲ್ಲಾದರೆ ಟೈರಿನ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿದರೆ ಅರ್ಧ ಕೆಲಸ ಆದಂತೆ. ಆದರೆ ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಲು ಪಂಪ್ ಜೊತೆಗಿರಬೇಕು. ಹರಿಯುವ ನೀರಿನ ವಿಷಯದಲ್ಲಿ ನನ್ನದು ಒಂದೇ ನಿಯಮ: ನಡೆದು ದಾಟಲಾಗದ ನೀರಿಗೆ ಗಾಡಿ ಇಳಿಸುವುದಿಲ್ಲ. ಇಂಜಿನ್ನಿನೊಳಗೆ ನೀರು ಹೋಗಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಕರಾರು. ನಮ್ಮಲ್ಲಿ ಫೋರ್ ಬೈ ಫೋರ್ ಎಂದರೆ ಧೈರ್ಯದ ಬಿಲ್ಲೆಯಾಗಿದೆ. 2023ರ ಡಿಸೆಂಬರ್‌ನಲ್ಲಿ ಲಾಹೌಲ್‌ನ ಚಂದ್ರಾ ನದಿಯಲ್ಲಿ ಥಾರ್ ಓಡಿಸಿದವರಿಗೆ ಪೊಲೀಸರು ದಂಡ ಹಾಕಿದ್ದನ್ನು ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ದೇವೆ. ಮಳೆಗಾಲದ ಶನಿವಾರ ಮುಳಶಿ, ತಾಮ್ಹಿಣಿ ಘಾಟ್ ಕಡೆ ಹೋದರೆ ಅಂಥದೇ ಹುಮ್ಮಸ್ಸು ಕಾಣುತ್ತದೆ. ಬೇರೆಯವರ ಭತ್ತದ ಗದ್ದೆಯ ಬದುವಿನ ಮೇಲೆ ಚಕ್ರ ಹರಿಸಿ ವಿಡಿಯೊ ಮಾಡುವವರೂ ಇದ್ದಾರೆ. ಕೊಡಚಾದ್ರಿಯ ಜೀಪ್ ಚಾಲಕರು ದಿನವೂ ಅದಕ್ಕಿಂತ ಕಷ್ಟದ ಹಾದಿಯಲ್ಲಿ ಓಡಿಸುತ್ತಾರೆ. ಅವರು ಹೆಮ್ಮೆಪಡುವುದು ಗಾಡಿ ಎಷ್ಟು ಎಗರಿತು ಎಂಬುದಕ್ಕಲ್ಲ, ಕೂತವರಿಗೆ ಎಷ್ಟು ಕಡಿಮೆ ಕುಲುಕಾಟವಾಯಿತು ಎಂಬುದಕ್ಕೆ.

ಲಕ್ಷಗಟ್ಟಲೆ ಹೆಚ್ಚು ಹಣ ಪಡೆದು ಫೋರ್ ಬೈ ಫೋರ್ ಮಾರುವವರು ಅರ್ಧ ದಿನ ಮಣ್ಣಿನಲ್ಲಿ ಓಡಿಸಿ ಕಲಿಸಿಕೊಡಬೇಕು. ಆಗದ ಕೆಲಸವೇನಲ್ಲ. ಮಹೀಂದ್ರ ಕಂಪನಿ ಇಗತ್‌ಪುರಿಯಲ್ಲಿ ಇದಕ್ಕೆಂದೇ ತರಬೇತಿ ಅಕಾಡೆಮಿ ತೆರೆದದ್ದು ನಮ್ಮ ಮುಂದಿದೆ. ಆದರೆ ಅದನ್ನು ಬಯಸಿ ಹೋದವರಿಗಷ್ಟೇ ಬಿಡದೆ ಗಾಡಿಯ ಜೊತೆಗೇ ಕೊಡಬೇಕು. ಅಲ್ಲಿಯವರೆಗೆ ಕಾಯದೆ ನಾವೂ ಕೇಳಿ ಕಲಿಯಬೇಕು. ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ ಕೆಲವು ಕಿಲೋಮೀಟರ್ 4ಎಚ್‌ನಲ್ಲಿ ಓಡಿಸಿದರೆ ಒಳಗಿನ ಭಾಗಗಳಿಗೆ ಎಣ್ಣೆ ಹರಿಯುತ್ತದೆ, ನಮಗೂ ಅಭ್ಯಾಸವಾಗುತ್ತದೆ. ನಾಲ್ಕೂ ಟೈರು ಒಂದೇ ಅಳತೆಯವಾಗಿರಲಿ, ಒಂದೇ ರೀತಿ ಸವೆದಿರಲಿ. ಊರಿಗೆ ಹೋದಾಗ ಜೀಪ್ ಓಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಜೆ ಕಲಿಯಲು ಡಿಗ್ರಿ ಅಡ್ಡ ಬರಬಾರದು. ನನಗೆ ಬಂದಿತ್ತು. ಅದಕ್ಕೆ ಬೆಲೆ ಕೊಡುವುದು ಸ್ವಲ್ಪದರಲ್ಲಿ ತಪ್ಪಿತು.

ಈ ಸಲ ಊರಿಗೆ ಹೋದಾಗ ಮೂರು ಸಂಜೆ ಅಣ್ಣನ ಬಳಿ ಕಲಿತೆ. ನಾಲ್ಕನೆಯ ದಿನ ಅದೇ ಹಾದಿಯಲ್ಲಿ, ಅದೇ ಮಳೆಯಲ್ಲಿ ಅಪ್ಪಯ್ಯನನ್ನು ಕೂರಿಸಿಕೊಂಡು ಇಳಿದೆ. 4ಎಲ್, ಮೊದಲ ಗೇರ್, ಕಾಲು ಬ್ರೇಕಿನಿಂದ ದೂರ. ತಿರುವು ಬಂದಾಗ ಓರೆಗಣ್ಣಿನಿಂದ ಅವರನ್ನು ನೋಡಿದೆ. ಹಿಡಿಕೆ ಹಿಡಿದಿರಲಿಲ್ಲ. ಸಂಚಿ ಬಿಚ್ಚಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು.